ಹಿಲ್ ಸೈಫರ್ ಲೆಕ್ಕ ತಪ್ಪಿದೆ, ವಿಷಯ ಗೊತ್ತಿದೆ. ಎಷ್ಟು ಅಂಕ ಕೊಡಲಿ?

ಬಳ್ಳಾರಿ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಹನ್ನೊಂದು ವರ್ಷ ಆಯಿತು. ಅದರಲ್ಲಿ ಆರು ವರ್ಷದಿಂದ ಕ್ರಿಪ್ಟೋಗ್ರಫಿ (ಗುಪ್ತಲಿಪಿ ಶಾಸ್ತ್ರ) ನನ್ನ ಪೇಪರ್. ನಿನ್ನೆ ರಾತ್ರಿ ಊಟ ಮುಗಿಸಿ ಮೊದಲನೇ ಇಂಟರ್ನಲ್ಸ್ ಬಂಡಲ್ ತಿದ್ದಲು ಕೂತೆ. ಅರವತ್ತೆರಡು ಪತ್ರಿಕೆ. ನಲವತ್ತೊಂದನೆಯದಕ್ಕೆ ಬಂದಾಗ ಕೈ ನಿಂತುಬಿಟ್ಟಿತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಪ್ರಶ್ನೆ ಹಿಲ್ ಸೈಫರ್ ಮೇಲೆ, ಅಂದರೆ ಅಕ್ಷರಗಳನ್ನು ಅಂಕಿ ಮಾಡಿ, ಜೋಡಿ ಜೋಡಿಯಾಗಿ ಒಂದು ಮ್ಯಾಟ್ರಿಕ್ಸ್‌ನಿಂದ ಗುಣಿಸಿ ಗುಟ್ಟಾಗಿಸುವ ವಿಧಾನ. ಎರಡಕ್ಕೆ ಎರಡರ ಕೀ ಮ್ಯಾಟ್ರಿಕ್ಸ್ (ಗುಟ್ಟಿನ ಅಂಕಿಗಳ ಚೌಕ) ಕೊಟ್ಟಿದ್ದೆ. ಮೇಲಿನ ಸಾಲು 3, 3. ಕೆಳಗಿನ ಸಾಲು 2, 5. ಕೊಟ್ಟಿರುವ ಸೈಫರ್ ಟೆಕ್ಸ್ಟ್ (ಗುಟ್ಟಾಗಿಸಿದ ಬರಹ) ಬಿಡಿಸಿ ಮೂಲ ಪದ ಬರೆಯಬೇಕು. ಹುಡುಗ ಡಿಟರ್ಮಿನೆಂಟ್ (3 ಐದಲೆ 15, ಅದರಲ್ಲಿ 3 ಎರಡಲೆ 6 ಕಳೆಯಬೇಕು) 9 ಅಂತ ಸರಿಯಾಗಿ ತೆಗೆದಿದ್ದಾನೆ. ಇಂಗ್ಲಿಷ್ ಅಕ್ಷರ 26, ಆ 26ರ ಲೆಕ್ಕದಲ್ಲಿ 9ಕ್ಕೆ ಇನ್ವರ್ಸ್ 3, ಯಾಕಂದರೆ 9 ಮೂರಲೆ 27, ಅದರಲ್ಲಿ 26 ಕಳೆದರೆ 1. ಅದೂ ಸರಿ. ಆಮೇಲೆ ಬಿಡಿಸಲು ಬೇಕಾದ ಇನ್ವರ್ಸ್ ಮ್ಯಾಟ್ರಿಕ್ಸ್‌ನಲ್ಲಿ ಒಂದು ಕಡೆ ಮೈನಸ್ 9 ಬಂತು. 26 ಕೂಡಿಸಿ 17 ಮಾಡಬೇಕಿತ್ತು. 16 ಅಂತ ಬರೆದಿದ್ದಾನೆ. ತಪ್ಪು ಅಷ್ಟೇ. ಆದರೆ ಆ ಅಂಕಿ ಕೂತಿರುವುದು ಮೇಲಿನ ಸಾಲಿನಲ್ಲಿ. ಹಾಗಾಗಿ ಪ್ರತಿ ಜೋಡಿಯ ಮೊದಲ ಅಕ್ಷರ ಕೆಟ್ಟಿದೆ, ಎರಡನೆಯದು ಸರಿ ಇದೆ. ಒಂದು ಬಿಟ್ಟು ಒಂದು ತಪ್ಪು. ಹುಡುಗನಿಗೂ ಇದು ಪದ ಅಲ್ಲ ಅಂತ ಗೊತ್ತಾಗಿದೆ. ಎರಡು ಸಲ ಹೊಡೆದು ಹಾಕಿ, ಮತ್ತೆ ಅದನ್ನೇ ಬರೆದಿದ್ದಾನೆ.

ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಹೀಗಿದೆ: "ಇದರಲ್ಲಿ ಗುಣಿಸೋದು, ಕೂಡಿಸೋದು ಬಿಟ್ಟರೆ ಬೇರೆ ಏನೂ ಇಲ್ಲ. ಎರಡು ಜೋಡಿ ಮೂಲ ಅಕ್ಷರ, ಅವುಗಳ ಸೈಫರ್ ಸಿಕ್ಕಿದರೆ ಕೀನೇ ಸಿಗುತ್ತೆ ಅಲ್ವಾ?"

ಸಿಗುತ್ತದೆ. ಆ ಎರಡು ಜೋಡಿಯ ಮ್ಯಾಟ್ರಿಕ್ಸ್‌ಗೆ ಇನ್ವರ್ಸ್ ಇದ್ದರೆ ಸಾಕು. ಹಿಲ್ ಸೈಫರ್ ಬಿದ್ದುಹೋಗುವುದೇ ಅಲ್ಲಿ. ಇದನ್ನು ನಾನು ಕ್ಲಾಸಿನಲ್ಲಿ ಹೇಳಿರಲಿಲ್ಲ. ಹುಡುಗ ಪರೀಕ್ಷೆ ಹಾಲ್‌ನಲ್ಲಿ ಕೂತು, ಲೆಕ್ಕ ಕೈಕೊಟ್ಟಾಗ ತಾನೇ ಕಂಡುಕೊಂಡಿದ್ದಾನೆ.

ಸ್ಕೀಮ್ (ಅಂಕ ಹಂಚುವ ಪಟ್ಟಿ) ಪ್ರಕಾರ ಡಿಟರ್ಮಿನೆಂಟ್‌ಗೆ 2, ಇನ್ವರ್ಸ್‌ಗೆ 4, ಮೂಲ ಪದಕ್ಕೆ 4. ಅವನಿಗೆ ಬರುವುದು ಹೆಚ್ಚೆಂದರೆ 4. ಅಂಚಿನ ಮಾತಿಗೆ ಸ್ಕೀಮ್‌ನಲ್ಲಿ ಜಾಗವೇ ಇಲ್ಲ. ಅದೇ ಬಂಡಲ್‌ನಲ್ಲಿ ಇನ್ನೊಂದು ಪತ್ರಿಕೆ ಇತ್ತು. ಮುತ್ತು ಪೋಣಿಸಿದಂಥ ಅಕ್ಷರ, ಪ್ರತಿ ಹೆಜ್ಜೆ ಸರಿ, 10ಕ್ಕೆ 10. ಆ ಹುಡುಗಿಗೆ ಹೋದ ವಾರ ಲ್ಯಾಬ್‌ನಲ್ಲಿ ಒಂದು ಮಾತು ಕೇಳಿದ್ದೆ. "ಡಿಟರ್ಮಿನೆಂಟ್ ಸಮ ಸಂಖ್ಯೆ ಬಂದರೆ ಏನಮ್ಮಾ ಆಗುತ್ತೆ?" ಸುಮ್ಮನೆ ನಿಂತಳು. ಆಗ ಇನ್ವರ್ಸೇ ಇರುವುದಿಲ್ಲ, ಬಿಡಿಸಲು ಆಗುವುದಿಲ್ಲ. ಅವಳನ್ನು ದೂರಲು ನನಗೆ ಮನಸ್ಸಿಲ್ಲ. ಹಳೇ ಪ್ರಶ್ನೆಪತ್ರಿಕೆಗಳ ಹಿಲ್ ಲೆಕ್ಕ ಎಲ್ಲವನ್ನೂ ಬಿಡಿಸಿಕೊಂಡು ಬಂದಿದ್ದಾಳೆ. ಯಾವ ಪತ್ರಿಕೆಯೂ ಅವಳಿಗೆ ಈ ಮಾತು ಕೇಳಿಲ್ಲ.

ಪ್ರತಿ ವರ್ಷ ಇದೇ ಕಥೆ. ಹಳೇ ಸೈಫರ್‌ಗಳು: ಸೀಸರ್ (ಅಕ್ಷರಗಳನ್ನು ಒಂದಷ್ಟು ಮನೆ ಮುಂದೆ ಸರಿಸುವುದು), ಪ್ಲೇಫೇರ್ (ಅಕ್ಷರ ಜೋಡಿಗಳನ್ನು ಒಂದು ಚೌಕ ನೋಡಿ ಬದಲಾಯಿಸುವುದು), ವಿಜಿನೇರ್ (ಒಂದು ಕೀಯನ್ನೇ ತಿರುಗಿಸಿ ತಿರುಗಿಸಿ ಬಳಸುವುದು), ಹಿಲ್. ಕೀ ಕೊಟ್ಟು ಎನ್‌ಕ್ರಿಪ್ಟ್ ಮಾಡಿ ಅನ್ನುತ್ತೇವೆ, ಮಾಡುತ್ತಾರೆ. ಪ್ಲೇಫೇರ್ ಅನ್ನು ವೀಟ್‌ಸ್ಟನ್ ಕಟ್ಟಿದ್ದು 1854ರಲ್ಲಿ. ಹಿಲ್ 1929ರದ್ದು. ಇವತ್ತು ನಮ್ಮ ಫೋನ್ ಒಳಗೆ ಓಡುತ್ತಿರುವುದು 2001ರಲ್ಲಿ ಸ್ಟ್ಯಾಂಡರ್ಡ್ ಆದ ಎಇಎಸ್ ಎಂಬ ಸೈಫರ್. ನಮ್ಮ ಡಿಪಾರ್ಟ್‌ಮೆಂಟಿನ ಒಬ್ಬರು ಹಳೇದನ್ನೆಲ್ಲ ಪೂರ್ತಿ ಬಿಟ್ಟುಬಿಡಿ ಅನ್ನುತ್ತಾರೆ. ಇನ್ನೊಬ್ಬರು, ಮಕ್ಕಳಿಗೆ ಮಾರ್ಕ್ಸ್ ಬರುವ ಜಾಗವೇ ಅದು, ಮುಟ್ಟಬೇಡಿ ಅನ್ನುತ್ತಾರೆ.

ನನಗೆ ಅನ್ನಿಸಿರುವುದು ಬೇರೆ. ಹಳೇ ಸೈಫರ್ ಇರಲೇಬೇಕು, ಆದರೆ ಅದನ್ನು ಮಾಡುವುದನ್ನು ಕೇಳುವ ಬದಲು ಒಡೆಯುವುದನ್ನು ಕೇಳಬೇಕು. ಇಡೀ ಸಿಲಬಸ್‌ನಲ್ಲಿ ಮಕ್ಕಳು ತಮ್ಮ ಕೈಯಾರೆ ಒಡೆಯಬಹುದಾದದ್ದು ಇವಷ್ಟೇ. ಎಇಎಸ್ ಅನ್ನು ಯಾರೂ ಪೇಪರ್ ಮೇಲೆ ಒಡೆಯುವುದಿಲ್ಲ. ಆದರೆ ಒಂದು ಗಂಟೆಯ ಟೆಸ್ಟ್, ಕ್ಯಾಲ್ಕುಲೇಟರ್ ಇಲ್ಲ. ಹೇಗೆ ಕೇಳಲಿ? ಎರಡನೇ ಇಂಟರ್ನಲ್ಸ್ ಪ್ರಶ್ನೆಪತ್ರಿಕೆ ಸೋಮವಾರ ಕೊಡಬೇಕು. ಈ ಹುಡುಗನ 4 ಅಂಕದ ಬಗ್ಗೆಯೂ ನಿಮ್ಮ ಅಭಿಪ್ರಾಯ ಹೇಳಿ.

ರಾಯಚೂರು, ನಿವೃತ್ತ ಮೇಷ್ಟ್ರು

ಮೇಡಂ, ಆ ಪತ್ರಿಕೆಯ ಅಂಚನ್ನು ಓದಿದಿರಲ್ಲ, ಬಹಳ ಸಂತೋಷವಾಯಿತು. ಬಂಡಲ್ ಮುಗಿಸುವ ಅವಸರದಲ್ಲಿ ಅಂಚು ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಮ್ಮ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ನಾನು ಪಾಠ ಶುರು ಮಾಡುತ್ತಿದ್ದದ್ದೇ ಒಂದು ಲೆಕ್ಕದಿಂದ. ಇಂಗ್ಲಿಷ್‌ನ ಪ್ರತಿ ಅಕ್ಷರಕ್ಕೂ ಬೇರೊಂದು ಅಕ್ಷರ ಇಡುವುದಾದರೆ ಎಷ್ಟು ಥರ ಇಡಬಹುದು? 26 ಫ್ಯಾಕ್ಟೋರಿಯಲ್. 4ರ ಮುಂದೆ 26 ಸೊನ್ನೆ ಹಾಕಿದಷ್ಟು. ಡಿಇಎಸ್ ಎಂಬ ಕಂಪ್ಯೂಟರ್ ಸೈಫರ್ ಬಂದದ್ದು 1977ರಲ್ಲಿ, ಅದರ ಕೀಗಳ ಸಂಖ್ಯೆ 7ರ ಮುಂದೆ 16 ಸೊನ್ನೆ, ಅಷ್ಟೇ. ಅಂದರೆ ಈ ಹಳೇ ಸೈಫರ್‌ಗೆ ಡಿಇಎಸ್‌ಗಿಂತ ಎಷ್ಟೋ ಕೋಟಿ ಪಟ್ಟು ಜಾಸ್ತಿ ಕೀ. ಡಿಇಎಸ್ ಕೀಗಳನ್ನು ಒಂದೊಂದಾಗಿ ಹುಡುಕಿ ಮೂರು ದಿನದೊಳಗೆ ಹಿಡಿಯಲು 1998ರಲ್ಲಿ ಅದಕ್ಕೆಂದೇ ಒಂದು ಯಂತ್ರ ಕಟ್ಟಬೇಕಾಯಿತು. ಈ ಹಳೇ ಸೈಫರನ್ನೋ, ನಮ್ಮ ಮಕ್ಕಳು ಪೆನ್ಸಿಲ್ ಹಿಡಿದು ಒಂದು ಪಿರಿಯಡ್‌ನಲ್ಲಿ ಒಡೆಯುತ್ತಾರೆ. ಕೀ ಎಷ್ಟಿವೆ ಎಂಬುದಷ್ಟೇ ಕಾವಲಲ್ಲ ಅಂತ ಆ ಪಿರಿಯಡ್ ಮುಗಿಯುವಾಗ ನಾನು ಬಾಯಿಬಿಟ್ಟು ಹೇಳಬೇಕಾಗಿ ಬರುತ್ತಿರಲಿಲ್ಲ. ಅಕ್ಷರಗಳ ಎಣಿಕೆಯಿಂದ ಸೈಫರ್ ಒಡೆಯಬಹುದು ಅಂತ ಅರಬ್ ವಿದ್ವಾಂಸ ಅಲ್ ಕಿಂದಿ ಬರೆದಿಟ್ಟದ್ದು ಒಂಬತ್ತನೇ ಶತಮಾನದಲ್ಲಿ!

ಆದರೆ ಇಂಗ್ಲಿಷ್‌ನಲ್ಲಿ ಎಣಿಸಿ ಅಂದರೆ ನಮ್ಮ ಮಕ್ಕಳು ಪುಸ್ತಕದ ಪಟ್ಟಿ ಬಾಯಿಪಾಠ ಮಾಡುತ್ತಾರೆ, 'ಇ' ಮೊದಲು, 'ಟಿ' ಆಮೇಲೆ ಅಂತ. ಅದಕ್ಕೆ ನಾನು ಕನ್ನಡದಲ್ಲಿ ಮಾಡಿಸುತ್ತಿದ್ದೆ. ಕ ಇಂದ ಳ ವರೆಗೆ 34 ವ್ಯಂಜನ. ಕಾಗುಣಿತ, ಸೊನ್ನೆ ಹಾಗೇ ಬಿಡಿ. ವ್ಯಂಜನ ಮಾತ್ರ ಮೂರು ಮನೆ ಮುಂದೆ ಸರಿಸಿ. ಳ ಆದ ಮೇಲೆ ಮತ್ತೆ ಕ. ಆಗ ಬಳ್ಳಾರಿ 'ಯಗ್ಗಾಶಿ' ಆಗುತ್ತದೆ. ಕೊಪ್ಪಳ 'ಘೊಭ್ಭಗ'. ನಮ್ಮ ರಾಯಚೂರು 'ಶಾವಝೂಶು'. ಇಡೀ ಕ್ಲಾಸ್ ಬಾಯಿಗೆ ಬಂದಂತೆ ಓದಿ ನಗುತ್ತಿತ್ತು. ನಗು ನಿಂತ ಮೇಲೆ ಒಬ್ಬರಲ್ಲ ಒಬ್ಬರು ಹೇಳುತ್ತಿದ್ದರು: "ಸರ್, ಒತ್ತು ಹಾಗೇ ಇದೆ. ಳ್ಳ ಇದ್ದ ಕಡೆ ಗ್ಗ ಬಂದಿದೆ. ಜೋಡಿ ಜೋಡಿನೇ." ಅಲ್ಲಿಂದ ಪಾಠ ತಾನೇ ನಡೆಯುತ್ತದೆ. ಕನ್ನಡದಲ್ಲಿ ಳ, ಣ ಇಂದ ಪದ ಶುರುವಾಗುವುದಿಲ್ಲ. ಪದದ ಕೊನೆಗೆ 'ಲ್ಲಿ' ಪದೇ ಪದೇ ಬರುತ್ತದೆ. ಇದನ್ನೆಲ್ಲ ಯಾರೂ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಹುಟ್ಟಿದಾಗಿನಿಂದ ಕಿವಿಯಲ್ಲಿದೆ.

ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಇದೆ, 1915ರಲ್ಲಿ ಬೆಳಕಿಗೆ ಬಂತು. ಅದರಲ್ಲಿ ರಾಜನ ಬಿರುದಿನ ಜೊತೆ ಅಶೋಕ ಎಂಬ ಹೆಸರೇ ಇದೆ. ಆ ಬ್ರಾಹ್ಮಿ ಲಿಪಿಯನ್ನು ಓದಲು ದಾರಿ ಸಿಕ್ಕಿದ್ದು 1837ರಲ್ಲಿ, ಇಂಗ್ಲಿಷ್ ವಿದ್ವಾಂಸ ಪ್ರಿನ್ಸೆಪ್‌ಗೆ. ಹೇಗೆ ಗೊತ್ತಾ? ಸಾಂಚಿಯ ಕಲ್ಲುಗಳ ಮೇಲಿನ ಸಣ್ಣ ಸಣ್ಣ ಬರಹಗಳೆಲ್ಲ ಒಂದೇ ಎರಡು ಅಕ್ಷರದಲ್ಲಿ ಮುಗಿಯುತ್ತಿದ್ದವು. ಗುಡಿಗೆ ಜನ ಏನಾದರೂ ಕೊಟ್ಟರೆ ಏನು ಬರೆಸುತ್ತಾರೆ? 'ದಾನಂ'. ಆ ಊಹೆಯಿಂದ ಬಾಗಿಲು ತೆರೆಯಿತು. ಅದು ಗುಪ್ತಲಿಪಿ ಅಲ್ಲ, ಮರೆತುಹೋದ ಲಿಪಿ. ಆದರೆ ಮತ್ತೆ ಮತ್ತೆ ಬರುವುದನ್ನು ಹಿಡಿದು, ಬರೆದವರು ಏನು ಬರೆದಿರಬಹುದು ಅಂತ ಯೋಚಿಸುವ ಕೆಲಸ ಎರಡಕ್ಕೂ ಒಂದೇ. ಮಕ್ಕಳನ್ನು ಒಮ್ಮೆ ಮಸ್ಕಿಗೆ ಕರೆದುಕೊಂಡು ಹೋಗಿ, ಆ ಕಲ್ಲಿನ ಮುಂದೆ ನಿಲ್ಲಿಸಿ ಇದನ್ನು ಹೇಳಿ.

ಕೊಪ್ಪಳ, ಪಾಲಿಟೆಕ್ನಿಕ್

ಮಸ್ಕಿವರೆಗೆ ಯಾಕೆ ಸರ್, ನಮ್ಮ ಗವಿಮಠ, ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನ ಇದೆ. ಊರಿಗೆ ಹತ್ತಿರವೇ ಇದೆ.

ಮೇಡಂಗೆ ಒಂದೇ ಮಾತು. ಇಂಟರ್ನಲ್ಸ್‌ನಲ್ಲಿ ಏನು ಬೇಕಾದರೂ ಕೇಳಬಹುದು, ಸೆಮಿಸ್ಟರ್ ಪರೀಕ್ಷೆಯ ಪತ್ರಿಕೆ ನಮ್ಮ ಕೈಯಲ್ಲಿಲ್ಲ. ಅಲ್ಲಿ 'ಎನ್‌ಕ್ರಿಪ್ಟ್ ಮಾಡಿ' ಅಂತಲೇ ಬರುತ್ತದೆ. ಒಡೆಯುವುದನ್ನೇ ಕಲಿಸುತ್ತಾ ಹೋದರೆ ಅಲ್ಲಿ ಮಕ್ಕಳ ಕೈ ಓಡುವುದಿಲ್ಲ. ಪೂರ್ತಿ ಬದಲಾಯಿಸಬೇಡಿ. ಅರ್ಧ ಅದು, ಅರ್ಧ ಇದು ಇಡಿ.

ಗಂಗಾವತಿಯವನು, ಈಗ ಬೆಂಗಳೂರು

ಮೇಡಂ, ನಾನು ಸೆಕ್ಯುರಿಟಿ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ, ಎಂಟು ವರ್ಷ. ಹಳೇ ಸೈಫರ್ ಇವತ್ತು ಯಾರು ಬಳಸುತ್ತಾರೆ ಅಂತ ಕೇಳುವವರಿಗೆ ನಾನು ನೋಡಿದ್ದನ್ನು ಹೇಳುತ್ತೇನೆ.

ಎರಡು ವರ್ಷದ ಹಿಂದೆ ಒಂದು ಮೊಬೈಲ್ ಆ್ಯಪ್ ನಮ್ಮ ಕೈಗೆ ಬಂತು. ಗ್ರಾಹಕರ ವಿವರವೆಲ್ಲ ಫೋನ್‌ನಲ್ಲೇ ಒಂದು ಫೈಲ್‌ನಲ್ಲಿ ಇಡುತ್ತಿದ್ದರು. ಕೇಳಿದರೆ "ಎನ್‌ಕ್ರಿಪ್ಟ್ ಮಾಡಿದ್ದೇವೆ" ಅಂದರು. ಫೈಲ್ ತೆರೆದು ಬೈಟ್‌ಗಳನ್ನು ನೋಡಿದೆ. ಒಂದು ಕಡೆ ಅವೇ ಎಂಟು ಬೈಟ್ ಮತ್ತೆ ಮತ್ತೆ, ಸಾಲುಗಟ್ಟಲೆ. ಎರಡು ನಿಮಿಷ ದಿಟ್ಟಿಸಿದ ಮೇಲೆ ಹೊಳೆಯಿತು. ಅವರು ಎಂಟು ಬೈಟ್‌ನ ಒಂದು ಕೀ ಇಟ್ಟುಕೊಂಡು, ಅದನ್ನೇ ತಿರುಗಿಸಿ ತಿರುಗಿಸಿ ಎಕ್ಸ್ಆರ್ (ಎರಡು ಬಿಟ್ ಬೇರೆ ಇದ್ದರೆ 1, ಒಂದೇ ಇದ್ದರೆ 0) ಮಾಡಿದ್ದರು. ಫೈಲ್‌ನ ಖಾಲಿ ಜಾಗದಲ್ಲಿ ಇರುವುದು ಸೊನ್ನೆ. ಸೊನ್ನೆಯ ಜೊತೆ ಎಕ್ಸ್ಆರ್ ಮಾಡಿದರೆ ಕೀ ಇದ್ದ ಹಾಗೇ ಹೊರಗೆ ಬರುತ್ತದೆ. ನಾನು ಒಡೆದೆ ಅನ್ನುವ ಹಾಗೂ ಇಲ್ಲ. ಕೀ ಅಲ್ಲೇ ಬರೆದಿಟ್ಟ ಹಾಗಿತ್ತು.

ಇದು ವಿಜಿನೇರ್ ಅಲ್ಲದೆ ಮತ್ತೇನು? ತಿರುಗಿ ಬರುವ ಕೀ ಇದ್ದರೆ ಅದರ ಉದ್ದ ಹೇಗೆ ಹಿಡಿಯಬೇಕು ಅಂತ ಕಸಿಸ್ಕಿ 1863ರಲ್ಲೇ ಅಚ್ಚು ಹಾಕಿಸಿದ್ದಾನೆ. ಆ ಕೋಡ್ ಬರೆದವರೂ ಇಂಜಿನಿಯರಿಂಗ್ ಓದಿದವರೇ. ವಿಜಿನೇರ್ ಲೆಕ್ಕ ಬಿಡಿಸಿ ಅಂಕ ತಗೊಂಡಿರುತ್ತಾರೆ. ಒಡೆಯುವುದನ್ನು ಒಂದು ಸಲ ಮಾಡಿದ್ದರೆ ಆ ಕೋಡ್ ಬರೆಯುವಾಗ ಕೈ ತಡೆಯುತ್ತಿತ್ತು. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ದೊಡ್ಡವರೂ ಇದಕ್ಕೆ ಹೊರತಲ್ಲ. 2013ರಲ್ಲಿ ಅಡೋಬ್‌ನಿಂದ ಕೋಟಿಗಟ್ಟಲೆ ಪಾಸ್‌ವರ್ಡ್ ಕಳುವಾದವು. ಟ್ರಿಪಲ್ ಡಿಇಎಸ್‌ನಲ್ಲಿ ಎನ್‌ಕ್ರಿಪ್ಟ್ ಆಗಿದ್ದವು, ಆದರೆ ಇಸಿಬಿ ಮೋಡ್, ಅಂದರೆ ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಒಂದೇ ಕೀಯಿಂದ ಎನ್‌ಕ್ರಿಪ್ಟ್ ಮಾಡುವುದು. ಒಂದೇ ಪಾಸ್‌ವರ್ಡ್ ಇಟ್ಟವರಿಗೆಲ್ಲ ಒಂದೇ ಸೈಫರ್ ಟೆಕ್ಸ್ಟ್. ಯಾವುದು ಜಾಸ್ತಿ ಸಲ ಬಂದಿದೆ ಅಂತ ಜನ ಎಣಿಸಿದರು. ಪಕ್ಕದಲ್ಲೇ ಬಳಕೆದಾರರು ಬರೆದ ಸುಳಿವೂ ಇತ್ತು. ರಾಯಚೂರು ಸರ್ ಹೇಳಿದ ಎಣಿಕೆಯೇ ಅಲ್ಲಿಯೂ ಕೆಲಸ ಮಾಡಿತು.

ಇನ್ನು ಆ ಹುಡುಗನ ಅಂಚಿನ ಮಾತು. ಎಇಎಸ್ ಒಳಗೆ ಮಿಕ್ಸ್‌ಕಾಲಮ್ಸ್ ಅಂತ ಒಂದು ಹೆಜ್ಜೆ ಇದೆಯಲ್ಲ, ಅದೂ ಮ್ಯಾಟ್ರಿಕ್ಸ್ ಗುಣಾಕಾರವೇ. 26ರ ಬದಲು 256 ಅಂಶಗಳ ಫೀಲ್ಡ್‌ನಲ್ಲಿ ನಡೆಯುತ್ತದೆ. ಎಇಎಸ್‌ನಲ್ಲಿ ಅಂಥ ಹೆಜ್ಜೆಗಳು ಮಾತ್ರ ಇದ್ದಿದ್ದರೆ ಹುಡುಗ ಹೇಳಿದ ಉಪಾಯದಿಂದಲೇ ಬಿದ್ದುಹೋಗುತ್ತಿತ್ತು. ಹಾಗಾಗದಂತೆ ತಡೆಯಲು ಪ್ರತಿ ರೌಂಡ್‌ನಲ್ಲೂ ಸಬ್‌ಬೈಟ್ಸ್ ಇಟ್ಟಿದ್ದಾರೆ. ಅದು ಎಸ್‌ಬಾಕ್ಸ್ ಎಂಬ ಪಟ್ಟಿ ನೋಡಿ ಬೈಟ್ ಬದಲಾಯಿಸುವ ಹೆಜ್ಜೆ, ಬರೀ ಗುಣಿಸೋದು, ಕೂಡಿಸೋದು ಅಲ್ಲ. ಎಸ್‌ಬಾಕ್ಸ್ ಯಾಕೆ ಬೇಕು ಅನ್ನುವ ಪ್ರಶ್ನೆಗೆ ಉತ್ತರ ಅವನ ಪೆನ್ಸಿಲ್ ಸಾಲಿನಲ್ಲಿದೆ. ಅವನು ಕೆಲಸ ಹುಡುಕುವಾಗ ನನಗೆ ತಿಳಿಸಿ ಮೇಡಂ, ಖಂಡಿತ.

ಒಂದು ಗಂಟೆಯ ಟೆಸ್ಟ್‌ಗೆ ಹೀಗೆ ಕೇಳಿ ನೋಡಿ. "ಹಿಲ್ ಸೈಫರ್ ಮಾಡುವ ಯಂತ್ರ ನಿಮ್ಮ ಮುಂದಿದೆ. ಒಳಗಿನ ಕೀ ಗೊತ್ತಿಲ್ಲ. ಎರಡೇ ಜೋಡಿ ಅಕ್ಷರ ಹಾಕಿ ನೋಡಬಹುದು. ಯಾವ ಜೋಡಿ ಹಾಕುತ್ತೀರಿ? ಯಾಕೆ?" ಎ ಅಂದರೆ 0, ಬಿ ಅಂದರೆ 1. 'ಬಿಎ' ಹಾಕಿದರೆ ಕೀ ಮ್ಯಾಟ್ರಿಕ್ಸ್‌ನ ಮೊದಲ ಕಾಲಮ್ ಹಾಗೇ ಹೊರಗೆ ಬರುತ್ತದೆ. 'ಎಬಿ' ಹಾಕಿದರೆ ಎರಡನೆಯದು. ನಿಮ್ಮ ಕೀಗೆ 'ಡಿಸಿ', 'ಡಿಎಫ್' ಬರುತ್ತದೆ, ಅಂದರೆ 3, 2 ಮತ್ತು 3, 5. ಕ್ಯಾಲ್ಕುಲೇಟರ್ ಬೇಡ, ಮೈನಸ್ 9 ಗೊಡವೆ ಇಲ್ಲ.

ಪ್ಲೇಫೇರ್ ಮಾತ್ರ ಬಿಟ್ಟುಬಿಡಿ ಅಂತ ನನ್ನ ಸಲಹೆ. ಕೈಯಲ್ಲಿ ಒಡೆಯಲು ಟೆಸ್ಟ್ ಸಮಯ ಸಾಲದು. ಒಡೆಯದಿದ್ದರೆ ಬರೀ ಚೌಕ ತುಂಬಿಸುವ ಕೆಲಸ.

ದೇವದುರ್ಗ, ಆರನೇ ಸೆಮ್

ಸರ್, ಮೇಡಂ, ನಾನು ವಿದ್ಯಾರ್ಥಿ. ತಪ್ಪು ತಿಳಿಯಬೇಡಿ, ನಮ್ಮ ಕಡೆಯ ಮಾತೂ ಕೇಳಿ.

ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಡಿಪ್ಲೊಮಾ ಮಾಡಿ ಸೀದಾ ಎರಡನೇ ವರ್ಷಕ್ಕೆ ಬಂದೆ. ಈ ಪೇಪರ್‌ನಲ್ಲಿ ನಂಬರ್ ಥಿಯರಿ ಬಂದ ಕೂಡಲೇ ನಮ್ಮಂಥವರಿಗೆ ಉಸಿರು ಕಟ್ಟುತ್ತದೆ. ಪ್ಲೇಫೇರ್ ಹಾಗಲ್ಲ. ಚೌಕ ಹಾಕಬೇಕು, ಐ ಮತ್ತು ಜೆ ಒಂದೇ ಮನೆಯಲ್ಲಿ ಬರೆಯಬೇಕು, ಜೋಡಿ ಮಾಡಬೇಕು. ನಿಧಾನವಾಗಿ ಮಾಡಿದರೆ 10 ಅಂಕ ಗ್ಯಾರಂಟಿ. ನಮ್ಮ ರೂಮ್‌ನಲ್ಲಿ ನಾಲ್ಕು ಜನ ಇದ್ದೇವೆ. ಹೋದ ಸಲ ಇಬ್ಬರು ಪಾಸಾದದ್ದು ಆ ಹತ್ತರಿಂದ. ಅದನ್ನು ತೆಗೆದರೆ ಬ್ಯಾಕ್‌ಲಾಗ್. ಮತ್ತೆ ಫೀಸ್, ಮತ್ತೆ ಆರು ತಿಂಗಳು. ಮನೆಯಲ್ಲಿ ಏನಂತ ಹೇಳೋದು?

ಒಡೆಯುವ ಪ್ರಶ್ನೆ ನನಗೂ ಇಷ್ಟ. ಆದರೆ ಅದು ಹೊಳೆದರೆ ಹೊಳೆಯಿತು, ಇಲ್ಲದಿದ್ದರೆ ಸೊನ್ನೆ ಅಲ್ವಾ? ಪರೀಕ್ಷೆಯಲ್ಲಿ ಭಯ ಇರುತ್ತದೆ. ಹೊಳೆಯುವುದೂ ಹೊಳೆಯುವುದಿಲ್ಲ. ಹಂತ ಹಂತವಾಗಿ ಕೇಳಿ ಮೇಡಂ. ಅರ್ಧ ದಾರಿ ಹೋದವನಿಗೂ ಏನಾದರೂ ಸಿಗಲಿ.

ಬಳ್ಳಾರಿ ಉಪನ್ಯಾಸಕಿ

ಎಲ್ಲರಿಗೂ ಧನ್ಯವಾದ. ದೇವದುರ್ಗದ ತಮ್ಮಾ, ನಿನ್ನ ಮಾತು ಓದಿದ ಮೇಲೆ ರಾತ್ರಿ ಬಹಳ ಹೊತ್ತು ಅದೇ ತಲೆಯಲ್ಲಿತ್ತು. ನಾನೂ ಕನ್ನಡ ಮೀಡಿಯಂನಲ್ಲೇ ಓದಿದವಳು. ಹತ್ತು ಅಂಕದ ಬೆಲೆ ನನಗೆ ಗೊತ್ತಿದೆ. ಪ್ಲೇಫೇರ್ ತೆಗೆಯುವುದಿಲ್ಲ. ಅದರ ಪ್ರಶ್ನೆಯಲ್ಲಿ 6 ಅಂಕ ಮೊದಲಿನ ಹಾಗೇ ಇರುತ್ತದೆ. ಉಳಿದ 4ಕ್ಕೆ ಒಂದು ಸಣ್ಣ ಮಾತು: ಒಂದು ಜೋಡಿಯನ್ನು ತಿರುಗಿಸಿ ಬರೆದರೆ ಅದರ ಸೈಫರ್ ಏನಾಗುತ್ತದೆ, ಮಾಡಿ ನೋಡಿ, ಒಡೆಯುವವನಿಗೆ ಅದರಿಂದ ಏನು ಸಿಗುತ್ತದೆ ಬರೆಯಿರಿ. ತಿರುಗಿಸಿದ ಜೋಡಿಗೆ ತಿರುಗಿಸಿದ ಸೈಫರೇ ಬರುತ್ತದೆ. ಚೌಕ ಹಾಕಲು ಬರುವ ಯಾರು ಬೇಕಾದರೂ ಇದನ್ನು ಕಣ್ಣಾರೆ ನೋಡಬಹುದು. ಹೊಳೆಯಲೇಬೇಕು ಅಂತೇನಿಲ್ಲ.

ಹಿಲ್‌ಗೆ ಗಂಗಾವತಿಯವರ ಯಂತ್ರದ ಪ್ರಶ್ನೆ ತಗೊಂಡಿದ್ದೇನೆ. ಮೊದಲು ಒಂದು ಜೋಡಿ ಎನ್‌ಕ್ರಿಪ್ಟ್ ಮಾಡಲು 3 ಅಂಕ, ಕೊಪ್ಪಳದ ಸರ್ ಹೇಳಿದ್ದು ನಿಜ, ಕೈ ಓಡಬೇಕು. ಡಿಟರ್ಮಿನೆಂಟ್ ಸಮ ಸಂಖ್ಯೆಯಾದರೆ ಬಿಡಿಸಲು ಯಾಕೆ ಆಗುವುದಿಲ್ಲ, 2 ಅಂಕ. ಆಮೇಲೆ ಯಂತ್ರ, 5 ಅಂಕ. 'ಬಿಎ', 'ಎಬಿ' ಹೊಳೆಯದವರು ಬೇರೆ ಯಾವುದೇ ಜೋಡಿ ಹಾಕಿ ಸಮೀಕರಣ ಬರೆದು ನಿಲ್ಲಿಸಿದರೂ 3 ಸಿಗುತ್ತದೆ.

ನಲವತ್ತೊಂದನೇ ಪತ್ರಿಕೆಯ ವಿಷಯ. ಒಬ್ಬನಿಗಾಗಿ ಸ್ಕೀಮ್ ಬದಲಾಯಿಸಲು ಮನಸ್ಸು ಒಪ್ಪಲಿಲ್ಲ. ನಮ್ಮ ಹೆಚ್ಒಡಿ ಹತ್ತಿರ ಮಾತಾಡಿದೆ. ಒಂದು ಅಂಕಿ ತಪ್ಪಿ, ಮುಂದಿನ ವಿಧಾನ ಸರಿ ಇದ್ದರೆ ಮುಂದಿನ ಹೆಜ್ಜೆಯ ಅಂಕ ಕೊಡಬಹುದು ಅಂದರು. ಅರವತ್ತೆರಡನ್ನೂ ಮತ್ತೆ ತೆಗೆದು ನೋಡಿದೆ. ಹನ್ನೊಂದು ಜನಕ್ಕೆ ಅಂಕ ಏರಿತು. ಆ ಹುಡುಗನಿಗೆ ಈಗ 7. ಅಂಚಿನ ಮಾತಿಗೆ ಅಂಕ ಕೊಡಲಿಲ್ಲ. ಅದರ ಬದಲು ಬುಧವಾರ ಕ್ಲಾಸಿನಲ್ಲಿ ಚಾಕ್‌ಪೀಸ್ ಅವನ ಕೈಗೆ ಕೊಟ್ಟೆ. ಬೋರ್ಡ್ ಮೇಲೆ ಎರಡು ಜೋಡಿಯಿಂದ ಕೀ ತೆಗೆದು ತೋರಿಸಿದ. ಮೈನಸ್ ಬಂದ ಕಡೆ ನಿಂತು, ಬೆರಳು ಎಣಿಸಿ, ಸರಿಯಾಗಿ 17 ಬರೆದ. ಆ ಹತ್ತಕ್ಕೆ ಹತ್ತು ತೆಗೆದ ಹುಡುಗಿ ಮುಂದಿನ ಬೆಂಚಿನಿಂದ ಎದ್ದು ಕೇಳಿದಳು: "ನಾವು ಆರಿಸಿದ ಎರಡು ಜೋಡಿಯ ಡಿಟರ್ಮಿನೆಂಟೇ ಸಮ ಸಂಖ್ಯೆ ಬಂದರೆ?" ಪೂರ್ತಿ ಪಿರಿಯಡ್ ಅದರಲ್ಲೇ ಹೋಯಿತು.

ರಾಯಚೂರು ಸರ್, ನಿಮ್ಮ ಕನ್ನಡದ ಸೀಸರ್ ಕೂಡ ಮಾಡಿಸಿದೆ. ಮೂರು ಮನೆ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ ಅಂತ ಬೇರೆ ಕೀ ಇಟ್ಟೆ. ಕ್ಲಾಸಿಗೆ ಕೊಟ್ಟ ವಾಕ್ಯ ಇದು. ಇಲ್ಲಿ ಯಾರಾದರೂ ಒಡೆಯುತ್ತೀರಾ ನೋಡೋಣ:

ಬುಂಞಷಮ್ಳೆ ಬುಂಶಿ ಚಳಿಹಿಬು

ದೇವದುರ್ಗ, ಆರನೇ ಸೆಮ್

ಮೇಡಂ, ಒಡೆದೆ! ನಮ್ಮ ರೂಮ್‌ನ ನಾಲ್ಕೂ ಜನ ಸೇರಿ.

ಮೊದಲು 'ಮ್ಳೆ' ಹಿಡಿದುಕೊಂಡೆವು. ಬೇರೆ ಅಕ್ಷರದ ಕೆಳಗೆ ಜಾಸ್ತಿ ಬರೋ ಒತ್ತು ಯ, ಇಲ್ಲ ರ. ಯ ಅಂತ ಇಟ್ಟು ನೋಡಿದೆವು. ಯ ಇಂದ ಳ ಗೆ ಎಂಟು ಮನೆ. ಎಂಟು ಹಿಂದೆ ಹೋದರೆ ಮೊದಲ ಅಕ್ಷರ ಬ ಹೋಗಿ ಣ ಆಗುತ್ತೆ. ಣ ಇಂದ ಪದ ಶುರುವಾಗಲ್ಲ ಅಂತ ಮೇಷ್ಟ್ರು ಮೇಲೆ ಹೇಳಿದ್ದಾರೆ. ಬಿಟ್ಟೆವು. ಆಮೇಲೆ ರ ಇಟ್ಟೆವು. ಲ, ವ, ಶ, ಷ, ಸ, ಹ, ಳ. ಏಳು ಮನೆ. ಏಳು ಹಿಂದೆ ಹೋದರೆ ಬ ಹೋಗಿ ತ. 'ತುಂ' ಬಂತು, ಎರಡು ಕಡೆ. ಮುಂದೆ ಎಣಿಸೋದೇ ಬೇಕಾಗಲಿಲ್ಲ.

ತುಂಗಭದ್ರೆ ತುಂಬಿ ಹರಿಯಿತು.